ಮಣಿಗೆರೆಯ ಕಡಲಕುದುರೆ

ಬಹಳ ಹಿಂದೆ, ನಾವೀಗ ನಡೆಯುವ ದಾರಿಗಳಲ್ಲಿ ಒಂದೂ ಇನ್ನೂ ಹುಟ್ಟಿರದ ಕಾಲದಲ್ಲಿ, ಬೆಟ್ಟಗಳ ನಡುವೆ ಮಣಿಗೆರೆ ಎಂಬ ರಾಜ್ಯವಿತ್ತು. ರಾಜ್ಯದ ನಟ್ಟನಡುವೆ ಒಂದು ಕೆರೆ. ಕೆರೆಯೊಳಗೆ ಒಂದು ಕಡಲಕುದುರೆ. ಕಡಲು ಅಲ್ಲಿಂದ ತಿಂಗಳ ದಾರಿ. ಅದು ಅಲ್ಲಿಗೆ ಹೇಗೆ ಬಂತು ಎಂದು ನನ್ನನ್ನು ಕೇಳಬೇಡಿ, ನನಗೆ ಈ ಕತೆ ಹೇಳಿದವರಿಗೂ ಗೊತ್ತಿರಲಿಲ್ಲ. ಕರುವಿನಷ್ಟು ದೊಡ್ಡ ಮೈ, ಕುದುರೆಯ ಮುಖ, ಕಾಲಿಲ್ಲ, ಸುರುಳಿ ಸುತ್ತಿದ ಬಾಲ. ಅದಕ್ಕೆ ಮಾತು ಬರುತ್ತಿತ್ತು.

ಆ ನಾಡಿನವರಿಗೆ ಒಂದು ವಾಡಿಕೆ ಇತ್ತು. ಏನಾದರೊಂದು ಕೆಲಸ ಮುಗಿದರೆ ಸಾಕು, ಉಸ್ಸಪ್ಪಾ ಎಂದು ಕೂತುಬಿಡುವರು. ಉತ್ತ ಮೇಲೆ ಬದುವಿನಲ್ಲಿ, ಉಂಡ ಮೇಲೆ ಜಗಲಿಯಲ್ಲಿ. ಜಗಳವಾಡಿದವರು ಕೂಡ ಒಂದು ಗಳಿಗೆ ಎದುರುಬದುರು ಕೂತು, ಆಮೇಲೆ ಮುಖ ತಿರುಗಿಸಿಕೊಂಡು ಮನೆಗೆ ಹೋಗುವರು. ಯಾಕೆ ಹೀಗೆ ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಅಪ್ಪ ಅಮ್ಮ ಕೂರುತ್ತಿದ್ದರು, ಇವರೂ ಕೂತರು.

ಹೀಗಿರುವಾಗ ತ್ವರಿತಪಾದ ಎಂಬ ಮಾಂತ್ರಿಕ ಬಂದ. ಹೆಸರು ಅವನೇ ಇಟ್ಟುಕೊಂಡದ್ದು. ನೇರ ಅರಮನೆಗೆ ಹೋಗಿ ರಾಜ ಮಾರಭೂಪನ ಕಿವಿ ಊದಿದ. "ಮಹಾಪ್ರಭು, ನಿಮ್ಮ ಪ್ರಜೆಗಳ ಅರ್ಧ ಆಯಸ್ಸು ಕೂತೇ ಕಳೆದುಹೋಗ್ತಿದೆ. ನನ್ನ ಹತ್ರ ಒಂದು ನಗಾರಿ ಇದೆ. ಅದು ಬಡಿಯುವಷ್ಟು ಹೊತ್ತು ಯಾರ ಕಾಲೂ ನಿಲ್ಲೋದಿಲ್ಲ. ನಿಮ್ಮ ರಾಜ್ಯ ಎರಡರಷ್ಟು ದುಡಿಯುತ್ತೆ."

ರಾಜನಿಗೆ ಬಾಯಲ್ಲಿ ನೀರೂರಿತು. ಹೂಂ ಎಂದುಬಿಟ್ಟ. ಮಾರನೆಯ ಬೆಳಗಿನಿಂದ ಕೋಟೆಯ ಬುರುಜಿನ ಮೇಲೆ ನಗಾರಿ ತಾನಾಗಿ ದಡ ದಡ ದಡ ದಡ ಎಂದು ಬಡಿಯತೊಡಗಿತು. ಹೊತ್ತು ಹುಟ್ಟಿದಾಗ ಶುರು, ಮುಳುಗಿದಾಗ ನಿಲುಗಡೆ. ಪಶುಪಕ್ಷಿಗಳಿಗೆ ಅದರಿಂದ ಏನೂ ಆಗಲಿಲ್ಲ. ಮನುಷ್ಯರ ಕಾಲುಗಳು ಮಾತ್ರ ನಿಲ್ಲದಾದವು. ಉಣ್ಣುವವರು ನಡೆಯುತ್ತ ಉಂಡರು, ಮಾತಾಡುವವರು ಸುತ್ತುತ್ತ ಮಾತಾಡಿದರು. ಸಂಜೆ ನಗಾರಿ ನಿಂತಿತೋ ಇಲ್ಲವೋ, ಇದ್ದಲ್ಲೇ ಉರುಳಿ ನಿದ್ದೆ ಹೋದರು. ಬೆಳಗಾದರೆ ಹಿಂದಿನ ದಿನದ್ದು ಒಂದು ಚೂರೂ ನೆನಪಿಲ್ಲ. ನಗಾರಿ ಬರುವ ಮುಂಚಿನದೆಲ್ಲ ನೆನಪಿದೆ, ಆಮೇಲಿನದು ಸೊನ್ನೆ. ಹಾಗಾಗಿ ನಗಾರಿಯ ಸದ್ದು ಕೇಳಿದಾಗಲೆಲ್ಲ ಜನ, "ಓ, ಇವತ್ತು ಯಾರ ಮನೇಲೋ ಮದುವೆ," ಎಂದುಕೊಂಡು ಓಡಾಡುತ್ತಿದ್ದರು. ದಿನಾ ಬೆಳಿಗ್ಗೆ ಅದೇ ಮದುವೆ. ನಗಾರಿ ಇಡಲು ಹೇಳಿದ ರಾಜನೂ ಅದನ್ನು ಮರೆತು, ಊಟಕ್ಕೆ ಕರೆಯಲಿಲ್ಲವಲ್ಲ ಎಂದು ದಿನಾ ಸಿಟ್ಟಾಗುತ್ತಿದ್ದ.

ಆ ಊರಿನಲ್ಲಿ ಹರಿಯಲೆ ಎಂಬ ಹೆಣ್ಣುಮಗಳಿದ್ದಳು. ಕುದುರೆ ಪಳಗಿಸುವುದು ಅವಳ ಕಸುಬು, ಗಂಡ ಬಾಚಣ ಜೀನು ಹೊಲಿಯುವವನು. ಹರಿಯಲೆ ಮೊದಲಿನಿಂದಲೂ ಒಂದು ಕಡೆ ನಿಲ್ಲುವವಳಲ್ಲ. ನಗಾರಿ ಬಂದಾಗ ಅವಳಿಗೆ ಮೂರು ತಿಂಗಳ ಬಸಿರು. ದಿನ ತುಂಬಿತು, ಹೆಣ್ಣುಮಗು ಹುಟ್ಟಿತು. ಹೆತ್ತ ಮಾರನೆಯ ಬೆಳಿಗ್ಗೆ ಎದ್ದವಳು ಹೊಟ್ಟೆ ಮುಟ್ಟಿ ನೋಡಿಕೊಂಡಳು, ತೊಟ್ಟಿಲು ನೋಡಿದಳು, ಕೇಳಿದಳು: "ಇದು ಯಾರ ಮಗು?"

ಬಾಚಣನಿಗೂ ಗೊತ್ತಿರಲಿಲ್ಲ.

ಇದನ್ನು ಕಣ್ಣಾರೆ ಕಂಡವಳು ಕೇತವ್ವೆ, ಬಾಚಣನ ತಾಯಿ. ಕಣಿವೆಯಾಚೆಯ ಊರಿನವಳು, ಬಾಣಂತನಕ್ಕೆ ಬಂದಿದ್ದಳು. ಹರೆಯದಲ್ಲಿ ಬಂದ ಜ್ವರದಿಂದ ಅವಳಿಗೆ ಎರಡೂ ಕಿವಿ ಹೋಗಿದ್ದವು. ಎದುರಿಗಿರುವವರ ತುಟಿ ನೋಡಿ ಮಾತು ತಿಳಿಯುವಳು. ನಗಾರಿ ಕೇಳಿಸದ ಕಾರಣ ಅವಳ ಕಾಲು ಅವಳ ಮಾತು ಕೇಳುತ್ತಿತ್ತು, ಬೇಕಾದಾಗ ಕೂರುತ್ತಿದ್ದಳು, ಅವಳಿಗೆ ಎಲ್ಲವೂ ನೆನಪಿತ್ತು. ಆದರೆ ನಗಾರಿ ಎಂಬುದೊಂದು ಇದೆ ಎಂದೇ ಅವಳಿಗೆ ಗೊತ್ತಿಲ್ಲ. ಕೇಳುವವರಿಗೆ ನೆನಪಿಲ್ಲ, ನೆನಪಿರುವವಳಿಗೆ ಕೇಳುವುದಿಲ್ಲ. ಒಳ್ಳೆ ಪೇಚು.

ಮೊದಮೊದಲು ಕೇತವ್ವೆ ಇವರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡಳು. ಆಮೇಲೆ ಬೈದಳು. ಆಮೇಲೆ ಒಬ್ಬಳೇ ಅತ್ತಳು. ದಿನಾ ಬೆಳಿಗ್ಗೆ ಸೊಸೆಯನ್ನು ಎಬ್ಬಿಸಿ, "ಇದು ನಿನ್ನ ಮಗಳು ಕಣೆ," ಎಂದು ಮೊದಲಿಂದ ಹೇಳುವುದು ಅವಳ ಕೆಲಸವಾಯಿತು. ಮಗು ಅತ್ತರೆ ಹರಿಯಲೆಯ ಎದೆಹಾಲು ತಾನಾಗಿ ಸುರಿಯುತ್ತಿತ್ತು. ಮೈಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಹಾಲನ್ನೂ ಅವಳು ಅಂಗಳ ಸುತ್ತುತ್ತಲೇ ಊಡಿಸುತ್ತಿದ್ದಳು.

ಹೀಗೇ ಅರ್ಧ ವರ್ಷ ಹೋಯಿತು. ಈಗ ಮಗುವಿಗೆ ಮುಖ ಗುರುತು ಹತ್ತಿತ್ತು. ಬೆಳಿಗ್ಗೆ ತಾಯಿಯನ್ನು ಕಂಡರೆ ಕೈ ಚಾಚುವುದು, ತಾಯಿ ಯಾರದೋ ಕೂಸನ್ನು ನೋಡುವ ಹಾಗೆ ನೋಡುವಳು. ಕೆಲವು ದಿನ ಹೀಗಾದ ಮೇಲೆ ಮಗು ಕೈ ಚಾಚುವುದನ್ನು ನಿಲ್ಲಿಸಿತು. ಅದನ್ನು ನೋಡಿ ಕೇತವ್ವೆಯ ಕರುಳು ಕಿತ್ತು ಬಂತು. ಅವಳು ಗಟ್ಟಿ ಮನಸ್ಸು ಮಾಡಿದಳು.

"ಹರಿಯಲೆ, ಇಲ್ಲಿ ನೋಡು," ಎಂದಳು ಅಂದು ಬೆಳಿಗ್ಗೆ, ಎಲ್ಲವನ್ನೂ ಮೊದಲಿಂದ ಹೇಳಿ ಮುಗಿಸಿ. "ಮೂರು ದಿನ ಕಳೆದ ಮೇಲೆ ನಮ್ಮೂರಿನ ಗಾಡಿ ಬರ್ತದೆ. ನಾನು ಮಗೂನ ಕರ್ಕೊಂಡು ಹೋಗ್ತೀನಿ. ತನ್ನ ಗುರುತು ಹಿಡಿಯೋರು ಒಬ್ಬರಾದ್ರೂ ಇರೋ ಮನೇಲಿ ಅದು ಬೆಳೀಲಿ. ನಿನ್ನ ಮೇಲೆ ಸಿಟ್ಟಿಲ್ಲ ಕಣವ್ವ."

ಹರಿಯಲೆ ಸುತ್ತುತ್ತಲೇ ಕೇಳಿದಳು. ಅವಳ ಕಣ್ಣಲ್ಲಿ ನೀರು ಬಂತು. ಮಗುವಿನ ಹಣೆ ಅವಳ ಹಣೆಯದೇ ಅಚ್ಚು, ಕಿರುಬೆರಳು ಅವಳದರಂತೆಯೇ ಡೊಂಕು. ಅದು ತನ್ನದಲ್ಲ ಎನ್ನಲು ಹೇಗೆ ಸಾಧ್ಯ? "ಅತ್ತೆ, ಇದು ಯಾಕೆ ಹೀಗಾಗ್ತಿದೆ ಅಂತ ಯಾರಿಗೆ ಗೊತ್ತಿರುತ್ತೆ?" ಎಂದಳು.

ಅವಳು ಹಾದುಹೋಗುವಾಗ ಕೇತವ್ವೆ ತುಟಿ ಓದಿಕೊಂಡಳು. "ಕೆರೆಯ ಕುದುರೆ ಈ ನಾಡಿನ ದಿನಗಳನ್ನೆಲ್ಲ ಕಂಡದ್ದು ಅಂತಾರೆ. ಅದನ್ನೇ ಕೇಳು."

ಹರಿಯಲೆ ತನ್ನ ಕಪ್ಪು ಹೆಣ್ಣುಕುದುರೆ ಮಸಿಯನ್ನು ಹತ್ತಿ ಹೊರಟೇಬಿಟ್ಟಳು. ಜೀನಿನ ಮೇಲೂ ಅವಳ ಕಾಲುಗಳು ಆಡುತ್ತಲೇ ಇದ್ದವು. ಕೆರೆಗೆ ಹೋಗುವ ದಾರಿ ಈಗ ಮುಳ್ಳು ಬೆಳೆದು ಮುಚ್ಚಿತ್ತು, ತ್ವರಿತಪಾದ ಬೇಕೆಂದೇ ಬೆಳೆಸಿದ್ದ. ಹುಡುಕಾಡಿ, ಎಡವಿ, ಮಧ್ಯಾಹ್ನ ಇಳಿಯುವ ಹೊತ್ತಿಗೆ ಏರಿಯ ಮೇಲೆ ಬಂದಳು. ಅಲ್ಲಿ ಅವನೇ ಇಟ್ಟ ಎರಡು ತಲೆಯ ಮೊಸಳೆ ಕಾವಲಿತ್ತು. ಒಂದು ತಲೆ ಕಚ್ಚಲು ಬಂದರೆ ಇನ್ನೊಂದು ಹಿಂದಿನಿಂದ ಬರುವುದು. ಮಸಿ ಬೆದರಿ ಎರಡು ಕಾಲ ಮೇಲೆ ಎದ್ದಿತು. ಹರಿಯಲೆ ಅದನ್ನು ಎಡಕ್ಕೆ ಎಳೆದು, ಆಮೇಲೆ ಸಟ್ಟನೆ ಬಲಕ್ಕೆ ತಿರುಗಿಸಿ, ಎರಡು ತಲೆಗಳೂ ಒಂದಕ್ಕೊಂದು ಡಿಕ್ಕಿ ಹೊಡೆಯುವ ಹಾಗೆ ಮಾಡಿ, ಎರಡು ಬಾಯಿಗೂ ಒಂದೇ ಹಗ್ಗ ಬಿಗಿದಳು.

ಕುದುರೆ ಪಳಗಿಸುವವರಲ್ಲಿ ಒಂದು ಪದ್ಧತಿ ಇದೆ. ಕುದುರೆ ಹೊಸ ಹೆಜ್ಜೆಯೊಂದನ್ನು ಸರಿಯಾಗಿ ಇಟ್ಟ ಕೂಡಲೇ ಲಗಾಮು ಸಡಿಲಿಸಿ, ಇಳಿದು, ಅದನ್ನು ಸುಮ್ಮನೆ ನಿಲ್ಲಲು ಬಿಡಬೇಕು. ಅದು ತಲೆ ತಗ್ಗಿಸಿ, ಬಾಯಿ ಆಡಿಸಿ, ಒಂದು ದೊಡ್ಡ ಉಸಿರು ಬಿಡುತ್ತದೆ. ಹಾಗೆ ನಿಲ್ಲಿಸಿದ ಕುದುರೆಗೆ ನಾಳೆಯೂ ಹೆಜ್ಜೆ ನೆನಪಿರುತ್ತದೆ. ಮುಂದಕ್ಕೆ ಓಡಿಸಿಬಿಟ್ಟರೆ ನಾಳೆ ಮತ್ತೆ ಮೊದಲಿಂದ. ಕೈಗೆ ಹತ್ತಿದ ಕಸುಬು ನಗಾರಿಗೂ ಬಗ್ಗಲಿಲ್ಲ. ಹರಿಯಲೆ ಇಳಿದು, ಮಸಿಯನ್ನು ನಿಲ್ಲಿಸಿ, ತಾನು ಮಾತ್ರ ಅದರ ಸುತ್ತ ತಿರುಗುತ್ತಿದ್ದಳು. ಮಸಿ ಉಸಿರು ಬಿಟ್ಟ ಮೇಲೆ ಕೆರೆಯ ಅಂಚಿಗೆ ಓಡಿದಳು.

ಕಡಲಕುದುರೆ ತಲೆ ಎತ್ತಿತು. ಅದು ಬಡಕಲಾಗಿತ್ತು.

"ನನ್ನ ಮಗಳು ನನಗೆ ಯಾಕೆ ಮರೆತುಹೋಗ್ತಾಳೆ?" ಎಂದು ಹರಿಯಲೆ ಕೇಳಿದಳು.

"ನೀವು ಕೂತಾಗ ನಾನು ಬಾಲ ಅಲ್ಲಾಡಿಸ್ತೀನಿ," ಎಂದಿತು ಕಡಲಕುದುರೆ. "ಕೆರೆಯಲ್ಲಿ ಒಂದು ಸಣ್ಣ ತೆರೆ ಏಳುತ್ತೆ. ಆಗತಾನೆ ಕಳೆದ ಗಳಿಗೆ ಮಣಿಯಾಗಿ ತಳಕ್ಕೆ ಬೀಳುತ್ತೆ. ನೀವು ಮಲಗಿದ ಮೇಲೆ ನಾನು ಮಣಿ ಇರೋ ದಾರಿಯಲ್ಲೆಲ್ಲ ಓಡ್ತೀನಿ, ಮುಂದಕ್ಕೆ, ಹಿಂದಕ್ಕೆ, ಮತ್ತೆ ಮತ್ತೆ. ನಿಮಗೆ ಅರ್ಧ ದಿನ ಹಿಡಿದದ್ದನ್ನ ರೆಪ್ಪೆ ಬಡಿಯೋದರೊಳಗೆ ಓಡಿ ಮುಗಿಸ್ತೀನಿ. ಹಾಗೆ ಓಡಿ ಓಡಿ ತುಳಿದದ್ದು ನಿಮ್ಮೊಳಗೆ ಗಟ್ಟಿಯಾಗುತ್ತೆ. ಮಣಿಯಾಗದ್ದು ತೂಬಿನಲ್ಲಿ ಹರಿದುಹೋಗುತ್ತೆ. ಈಗ ಯಾರೂ ಕೂರೋದಿಲ್ಲ. ಒಂದೂ ಮಣಿ ಇಲ್ಲ. ನಾನು ಎಲ್ಲಿ ಅಂತ ಓಡಲಿ?"

"ಇಷ್ಟೊಂದು ಗಳಿಗೆಗಳಲ್ಲಿ ಯಾವುದು ಉಳೀಬೇಕು ಅಂತ ನೀನು ಹೇಗೆ ಆರಿಸ್ತೀಯ?"

"ನಾನೆಲ್ಲಿ ಆರಿಸ್ತೀನಿ, ತಾಯಿ? ನೀವು ಎಲ್ಲಿ ನಿಲ್ತೀರೋ ಅದು ಉಳಿಯುತ್ತೆ." ಆಮೇಲೆ ಅದು ಉಳಿದದ್ದನ್ನೂ ಹೇಳಿತು. ಕೇಳುತ್ತಿರುವುದು ಮದುವೆಯ ವಾದ್ಯವಲ್ಲ, ಮಾಂತ್ರಿಕನ ನಗಾರಿ. ತೂಬಿನ ಕೆಳಗೆ ಅವನು ಕುಳಿ ತೋಡಿಕೊಂಡು, ಜನರ ಹರಿದುಹೋಗುವ ದಿನಗಳನ್ನು ಮೊಗೆದು ಕುಡಿಯುತ್ತಿದ್ದಾನೆ. ಅದರಿಂದಲೇ ಅವನಿಗೆ ಮುಪ್ಪಿಲ್ಲ. ಅವನು ಕೂತರೆ ನಗಾರಿ ನಿಲ್ಲುತ್ತದೆ, ಆದರೆ ಅವನೆಂದೂ ಕೂರುವುದಿಲ್ಲ.

ಕೇಳಿದ್ದೇ ತಡ, ಹರಿಯಲೆ ಮಸಿಯ ಮೇಲೆ ನೆಗೆದು ತೂಬಿನ ಕಡೆ ಧಾವಿಸಿದಳು. ಅರ್ಧ ದಾರಿಯಲ್ಲಿ ಹೊತ್ತು ಮುಳುಗಿತು. ನಗಾರಿ ನಿಂತಿತು. ಹರಿಯಲೆ ಕುದುರೆಯ ಕುತ್ತಿಗೆಯ ಮೇಲೆ ಕವುಚಿ ನಿದ್ದೆ ಹೋದಳು, ಮಸಿ ಅವಳನ್ನು ಮನೆಗೆ ತಂದಿತು.

ಬೆಳಗಾಯಿತು. "ಇದು ಯಾರ ಮಗು?" ಎಂದಳು ಹರಿಯಲೆ.

ಕೇತವ್ವೆ ಮತ್ತೆ ಮೊದಲಿಂದ ಹೇಳಿದಳು. ಗಾಡಿಯ ವಿಷಯವನ್ನೂ ಹೇಳಿದಳು. "ನಿನ್ನೆ ಕೆರೆಗೆ ಹೋಗಿದ್ಯಲ್ಲ, ಏನಾಯ್ತು?"

"ಕೆರೆಗಾ? ನಾನಾ?"

ಮತ್ತೆ ಹೊರಟಳು. ಈ ಸಲ ದಾರಿ ಹುಡುಕಬೇಕಾಗಲಿಲ್ಲ, ಮಸಿ ತಾನೇ ಮುಳ್ಳು ಬಳಸಿ ನಡೆಯಿತು. ಹರಿಯಲೆಗೆ ಅವಸರ, ಅದನ್ನು ಗಮನಿಸಲಿಲ್ಲ. ಮೊಸಳೆ ಯಾವಾಗಲೋ ಹಗ್ಗ ಕಡಿದುಕೊಂಡಿತ್ತು. "ಮತ್ತೆ ಬಂದ್ಯಾ?" ಎಂದಿತು ಒಂದು ತಲೆ. "ಇವಳಿಗೆ ಬುದ್ಧಿ ಇಲ್ಲ," ಎಂದಿತು ಇನ್ನೊಂದು. ಅದೇ ಎಡ, ಅದೇ ಬಲ, ಅದೇ ಹಗ್ಗ. ಮಸಿಯನ್ನು ನಿಲ್ಲಿಸಿ ತಾನು ಸುತ್ತಿದಳು. ಕಡಲಕುದುರೆ ಅದೇ ಮಾತನ್ನು ಅದೇ ತಾಳ್ಮೆಯಿಂದ ಹೇಳಿತು.

ಇಂದು ಇನ್ನೂ ಬಿಸಿಲಿತ್ತು. ಹರಿಯಲೆ ಯೋಚಿಸಿದಳು. ತೂಬಿಗೆ ಹೋಗಿ ಹೊತ್ತು ಮೀರಿದರೆ ಎಲ್ಲ ಹೋಯಿತು. ಅತ್ತೆಗೆ ಹೇಳಿಬಿಟ್ಟರೆ ಅವರಿಗಾದರೂ ನೆನಪಿರುತ್ತದೆ. ಜಾಣತನದ ಯೋಚನೆಯೇ. ಮನೆಗೆ ಓಡಿ ಬಂದಳು. "ಅತ್ತೆ, ಅತ್ತೆ, ಅದು ಮದುವೆ ಅಲ್ಲ, ನಗಾರಿ," ಎನ್ನುತ್ತ ಅಂಗಳ ಸುತ್ತಿದಳು. ಕೇತವ್ವೆಗೆ ಒಮ್ಮೆ ಅವಳ ಮುಖ ಕಂಡರೆ ಒಮ್ಮೆ ತುರುಬು ಕಾಣುತ್ತಿತ್ತು.

"ನಿಂತು ಹೇಳೆ, ತುಟಿ ಕಾಣಲ್ಲ," ಎಂದು ಮುದುಕಿ ಹಿಂದೆ ಹಿಂದೆ ಓಡಿದಳು. ಹರಿಯಲೆ ನಿಲ್ಲಲು ನೋಡಿದಳು. ಕಂಬ ತಬ್ಬಿ ಹಿಡಿದಳು, ಕಾಲು ಅವಳನ್ನು ಕಂಬದ ಸುತ್ತಲೇ ತಿರುಗಿಸಿತು. ಬಾಚಣ ಹೆಂಡತಿಯನ್ನು ಹಿಡಿದು ನಿಲ್ಲಿಸಲು ಬಂದವನು ತಾನೇ ದಾಟಿ ಹೋಗಿಬಿಟ್ಟ. ಅತ್ತೆಗೆ ಸಿಕ್ಕಿದ್ದು "ಮದುವೆ" ಎಂಬ ಒಂದೇ ಪದ. ಹೊತ್ತು ಮುಳುಗಿತು, ಹರಿಯಲೆ ಅಲ್ಲೇ ಬಿದ್ದಳು. ಯಾರ ಮದುವೆಯೋ ಎಂದು ಕೇತವ್ವೆ ಬಹಳ ಹೊತ್ತು ತಲೆ ಕೆರೆದುಕೊಂಡಳು.

ಮೂರನೆಯ ಬೆಳಗು. "ಇದು ಯಾರ ಮಗು?"

ಈ ಸಲ ಕೇತವ್ವೆಯ ದನಿಯಲ್ಲಿ ಬೈಗುಳವೂ ಇರಲಿಲ್ಲ. ಮಗುವಿನ ಬಟ್ಟೆಗಳನ್ನು ಗಂಟು ಕಟ್ಟುತ್ತ ಎಲ್ಲ ಹೇಳಿದಳು. "ನಾಳೆ ಬೆಳಿಗ್ಗೆ ಗಾಡಿ. ನಾಳೆ ನೀನು ಇವಳನ್ನ ಗುರುತು ಹಿಡಿದ್ರೆ ಗಾಡಿ ಬರಿದೇ ಹೋಗ್ತದೆ. ಇಲ್ದಿದ್ರೆ ಇಲ್ಲ." ತೊಟ್ಟಿಲಿನ ಮಗು ಹರಿಯಲೆಯನ್ನು ನೋಡಿ ಮುಖ ತಿರುಗಿಸಿಕೊಂಡಿತು. ಹರಿಯಲೆಯ ಎದೆಗೆ ಗುದ್ದಿದಂತಾಯಿತು. ನಾಳೆ ಈ ನೋವು ಕೂಡ ತನ್ನ ಬಳಿ ಇರುವುದಿಲ್ಲ ಎಂದು ತಿಳಿದು ಅವಳಿಗೆ ನಿಜವಾಗಿ ಭಯವಾಯಿತು.

ಮಸಿ ಬಾಣದಂತೆ ಹೋಯಿತು. ಏರಿಯ ಮೇಲೆ ಮೊಸಳೆ ಬಾಯಿ ತೆರೆಯುವ ಮೊದಲೇ ಮಸಿ ತಾನಾಗಿ ಎಡಕ್ಕೆ ಚಿಮ್ಮಿ, ಸಟ್ಟನೆ ಬಲಕ್ಕೆ ತಿರುಗಿತು. ಲಗಾಮು ಹರಿಯಲೆಯ ಕೈಯಲ್ಲಿ ಸಡಿಲವಾಗಿಯೇ ಇತ್ತು. ಎರಡು ತಲೆಗಳು ಡಿಕ್ಕಿ ಹೊಡೆದವು. ಹರಿಯಲೆ ಹಗ್ಗ ಬಿಗಿದಳು, ಇಳಿದಳು, ಮಸಿಯನ್ನು ನಿಲ್ಲಿಸಿ ಸುತ್ತತೊಡಗಿದಳು. ಸುತ್ತುತ್ತ ಅವಳ ತಲೆಗೆ ಹೊಳೆಯಿತು.

ಈ ತಿರುವನ್ನು ನಾನು ಇದಕ್ಕೆ ಕಲಿಸಿಲ್ಲ. ಈ ದಾರಿಯನ್ನೂ ತೋರಿಸಿಲ್ಲ. ಯಾವುದೇ ಕುದುರೆ ಕಲಿಸದೆ ಇಷ್ಟು ಸಲೀಸಾಗಿ ತಿರುಗುವುದಿಲ್ಲ. ಅಂದರೆ ಅತ್ತೆ ಹೇಳಿದ್ದು ನಿಜ, ನಾನು ಇಲ್ಲಿಗೆ ಬಂದಿದ್ದೇನೆ, ಇದೇ ಮೊಸಳೆಯನ್ನು ಕಟ್ಟಿದ್ದೇನೆ. ಕುದುರೆಗೆ ನೆನಪಿದೆ, ನನಗಿಲ್ಲ. ಯಾಕೆ?

ಮಸಿ ತಲೆ ತಗ್ಗಿಸಿ, ಬಾಯಿ ಆಡಿಸಿ, ದೊಡ್ಡ ಉಸಿರು ಬಿಟ್ಟಿತು.

"ಇದನ್ನ ನಿಲ್ಲಿಸಿದ್ದೇನೆ," ಎಂದಳು ಹರಿಯಲೆ ತನಗೆ ತಾನೇ. "ನಾನು ನಿಂತಿಲ್ಲ."

ಕಡಲಕುದುರೆ ಮೂರನೆಯ ಸಲವೂ ಎಲ್ಲ ಹೇಳಿತು. ಅದು ಮುಗಿಸಿದ ಕೂಡಲೇ ಕಾಲು ತೂಬಿನ ಕಡೆ ಓಡಲು ಹವಣಿಸಿತು. ಕಿವಿ ಕೇಳದ ಅತ್ತೆ ಬೆಳಿಗ್ಗೆ ಕೂತೇ ಗಂಟು ಕಟ್ಟಿದ್ದು ಹರಿಯಲೆಗೆ ನೆನಪಾಯಿತು. ಬಗ್ಗಿ ಕೆರೆಯ ಜೇಡಿಮಣ್ಣನ್ನು ಬಾಚಿ ಎರಡು ಕಿವಿಗೂ ಒತ್ತಿ ತುಂಬಿದಳು. ದಡ ದಡ ಸದ್ದು ದೂರವಾಯಿತು, ಇಲ್ಲವಾಯಿತು. ಕಾಲುಗಳು ನಿಂತವು. ಅವಳು ನೆಲದ ಮೇಲೆ ಕೂತಳು. ಹೊತ್ತು ಇಳಿಯುತ್ತಿದೆ, ಮಾಂತ್ರಿಕ ಕುಡಿಯುತ್ತಿದ್ದಾನೆ, ನಾಳೆ ಗಾಡಿ ಬರುತ್ತದೆ. ಏಳು ಏಳು ಎಂದು ಮನಸ್ಸು ಹೊಯ್ದಾಡುತ್ತಿತ್ತು, ಆದರೂ ಅವಳು ಕೂತೇ ಇದ್ದಳು. ಹುಟ್ಟಿದಾಗಿನಿಂದ ಅವಳಿಗೆ ಅಷ್ಟು ಕಷ್ಟದ ಕೆಲಸ ಬಂದಿರಲಿಲ್ಲ. ಕಡಲಕುದುರೆಯ ಬಾಲ ಅಲ್ಲಾಡಿತು. ನೀರಿನಲ್ಲಿ ಸಣ್ಣ ತೆರೆ ಎದ್ದಿತು. ಬಿಳಿಯದೊಂದು ಮಣಿ ಹೊಳೆದು ತಳಕ್ಕೆ ಇಳಿಯಿತು.

ಆಮೇಲೆ ಎದ್ದು ತೂಬಿಗೆ ಹೋದಳು.

ತ್ವರಿತಪಾದ ಕುಳಿಯಲ್ಲಿ ತಕತಕ ಹೆಜ್ಜೆ ಹಾಕುತ್ತ, ಸೌಟಿನಲ್ಲಿ ಮೊಗೆದು ಮೊಗೆದು ಕುಡಿಯುತ್ತಿದ್ದ. ನೋಡಲು ಇಪ್ಪತ್ತರ ಹುಡುಗ. ಅವಳನ್ನು ಕಂಡು ಮಂತ್ರ ಹೇಳತೊಡಗಿದ. ಅವನ ಬಾಯಿ ಆಡುವುದು ಅವಳಿಗೆ ಕಂಡಿತು, ಮಾತು ಕೇಳಲಿಲ್ಲ. ಕೇಳದ ಮಂತ್ರ ತಾಗುವುದು ಹೇಗೆ? ಹರಿಯಲೆ ಕುಣಿಕೆ ಬೀಸಿ ಅವನ ನಡುವಿಗೆ ಹಾಕಿ, ತೂಬಿನ ಕಲ್ಲಿಗೆ ಸುತ್ತಿ, ಪುಂಡ ಕುದುರೆಮರಿಯನ್ನು ಹತೋಟಿಗೆ ತರುವಂತೆ ಎಳೆದಳು. ಅವನು ಕೊಸರಿದ, ಒದ್ದ, ಹಲ್ಲು ಕಡಿದ. ಅವಳು ಹಗ್ಗ ಬಿಡಲಿಲ್ಲ. ಹೆಗಲ ಮೇಲೆ ಕೈಯಿಟ್ಟು ಒತ್ತಿ, ಅವನನ್ನು ನೆಲಕ್ಕೆ ಕೂರಿಸಿಬಿಟ್ಟಳು.

ಕೂತವನಿಗೆ ಏನಾದರೂ ನೆನಪಾಗಬೇಕಲ್ಲ. ಅವನಲ್ಲಿ ಇದ್ದದ್ದೆಲ್ಲ ಬೇರೆಯವರ ಮದುವೆ, ಬೇರೆಯವರ ಬಿತ್ತನೆ, ಬೇರೆಯವರ ಕೂಸಿನ ಅಳು. ತನ್ನದೆಂಬ ಒಂದು ಗಳಿಗೆಯೂ ಸಿಗಲಿಲ್ಲ. ಅವನ ಮುಖದಲ್ಲಿ ಗಾಬರಿ ಎದ್ದಿತು. ಕುಡಿದದ್ದೆಲ್ಲ ಮೈಯಿಂದ ನೀರಾಗಿ ಸೋರಿ ಕಾಲುವೆಗೆ ಹರಿಯಿತು. ಕೊನೆಗೆ ಹಗ್ಗದ ಕುಣಿಕೆಯಲ್ಲಿ ಅವನ ಅಂಗಿ ಮಾತ್ರ ಉಳಿಯಿತು.

ಬುರುಜಿನ ಮೇಲೆ ನಗಾರಿ ಬಿರುಕು ಬಿಟ್ಟು ನಿಂತಿತು. ಆ ಕ್ಷಣ ಮಣಿಗೆರೆಯ ಜನರೆಲ್ಲ ಎಲ್ಲಿದ್ದರೋ ಅಲ್ಲೇ ಧೊಪ್ಪನೆ ಕೂತರು. ಸೊಪ್ಪು ಮಾರುವವಳು ಬುಟ್ಟಿಯ ಮೇಲೆಯೇ ಕೂತಳು. ಜೀನಿನ ಚರ್ಮ ಹಿಡಿದು ಬಾಚಣ ಹೊಸ್ತಿಲಲ್ಲಿ ಕೂತ. ರಾಜ ಮಾರಭೂಪ ಅರಮನೆಯ ಮೆಟ್ಟಿಲ ಮೇಲೆ ಕೂತು, ಪಕ್ಕದಲ್ಲಿ ಕೂತಿದ್ದ ನೀರು ಹೊರುವವನಿಗೆ, "ಅಯ್ಯೋ, ಕಾಲು ಎಷ್ಟು ನೋಯ್ತಿದೆ ನೋಡಪ್ಪ," ಎಂದ. "ನಂಗೂ ಬುದ್ಧಿ," ಎಂದ ಅವನು.

ಹರಿಯಲೆ ಕಿವಿಯ ಮಣ್ಣು ತೆಗೆದಳು. ಗೆದ್ದೆ ಎಂದು ಹಿಗ್ಗಲು ಅವಳಿಗೆ ಆಗಲಿಲ್ಲ. ತಾನು ಇವತ್ತು ಕೂತದ್ದು ಎಲ್ಲಿ? ಕೆರೆಯ ದಡದಲ್ಲಿ. ಮೊಸಳೆ ಉಳಿಯುತ್ತದೆ, ಕಡಲಕುದುರೆಯ ಮಾತು ಉಳಿಯುತ್ತದೆ. ಮಗುವಿನ ಹತ್ತಿರ ಒಂದು ಗಳಿಗೆಯೂ ಕೂತಿಲ್ಲವಲ್ಲ. ಹೊತ್ತು ಬೆಟ್ಟಕ್ಕೆ ತಾಗಿತ್ತು. ಮೈ ಸೋತು ಕಣ್ಣು ಎಳೆಯುತ್ತಿತ್ತು. ಮಸಿಯ ಮೇಲೆ ನಿದ್ದೆ ಬರದಂತೆ ಕೆನ್ನೆ ಹೊಡೆದುಕೊಳ್ಳುತ್ತ ಮನೆಗೆ ಬಂದಳು.

ಕೇತವ್ವೆ ಬಾಗಿಲಲ್ಲೇ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಹರಿಯಲೆ ಅವಳ ಎದುರು ನೇರ ನಿಂತು, ತುಟಿ ಕಾಣುವಂತೆ ನಿಧಾನವಾಗಿ ಹೇಳಿದಳು: "ಅತ್ತೆ, ಕೊಡಿ ಇಲ್ಲಿ."

ಮಗು ಬರಲೊಲ್ಲೆ ಎಂದಿತು. ಅಜ್ಜಿಯ ಸೆರಗಿನಲ್ಲಿ ಮುಖ ಹುದುಗಿಸಿತು. ಹರಿಯಲೆ ಒತ್ತಾಯ ಮಾಡಲಿಲ್ಲ. ಹೊಸ ಮರಿಯ ಹತ್ತಿರ ಹೋಗುವಂತೆ, ಕಣ್ಣಿಗೆ ಕಣ್ಣಿಟ್ಟು ನೋಡದೆ, ಕೈ ಅಂಗಾತ ಮಾಡಿ ಕಾದಳು. ಒಂದಷ್ಟು ಹೊತ್ತಾದ ಮೇಲೆ ಮಗು ಒಂದು ಕಣ್ಣಿನಿಂದ ಇಣುಕಿತು. ಅವಳ ಕಿವಿಯಲ್ಲಿ ಉಳಿದಿದ್ದ ಜೇಡಿಮಣ್ಣನ್ನು ಕಂಡಿತು. ಬೆರಳು ಚಾಚಿ ಅದನ್ನು ಕಿತ್ತು ಬಾಯಿಗಿಟ್ಟುಕೊಂಡು, ಮುಖ ಹುಳ್ಳಗೆ ಮಾಡಿ, ಥೂ ಎಂದು ತಾಯಿಯ ಮುಖದ ಮೇಲೆಯೇ ಉಗುಳಿತು. ಹರಿಯಲೆ ನಕ್ಕಳು. ಅವಳು ನಕ್ಕದ್ದು ನೋಡಿ ಮಗುವೂ ನಕ್ಕಿತು, ಕೈ ಚಾಚಿತು.

ಹರಿಯಲೆ ಅದನ್ನು ಎತ್ತಿಕೊಂಡು ಜಗಲಿಯ ಮೇಲೆ ಕೂತಳು. ಏನೂ ಮಾಡಲಿಲ್ಲ, ಹಾಡಲಿಲ್ಲ, ತಟ್ಟಲಿಲ್ಲ. ಸುಮ್ಮನೆ ಕೂತಳು. ಮಗುವಿನ ತಲೆಯ ಬೆವರಿನ ವಾಸನೆ ಮೂಗಿಗೆ ಬರುತ್ತಿತ್ತು. ದೂರದ ಕೆರೆಯಲ್ಲಿ ತೆರೆ ಎದ್ದಿತೋ ಇಲ್ಲವೋ ಅವಳಿಗೆ ಕಾಣಲಿಲ್ಲ.

ಬೆಳಿಗ್ಗೆ ಗಾಡಿ ಬಂದು ಬಾಗಿಲಲ್ಲಿ ನಿಂತಿತು. ಕೇತವ್ವೆ ಗಂಟು ಮಡಿಲಲ್ಲಿಟ್ಟುಕೊಂಡು ಸೊಸೆಯ ಮುಖವನ್ನೇ ನೋಡುತ್ತಿದ್ದಳು. ಹರಿಯಲೆ ಕಣ್ಣು ಬಿಟ್ಟಳು. ಹೊಟ್ಟೆ ಮುಟ್ಟಿ ನೋಡಿಕೊಳ್ಳಲಿಲ್ಲ. ತೊಟ್ಟಿಲಿಗೆ ಬಗ್ಗಿ, "ಮಣ್ಣು ತಿನ್ನೋ ಕಳ್ಳಿ, ಎದ್ದೆಯಾ?" ಎಂದಳು.

ಕೇತವ್ವೆ ಆ ತುಟಿಗಳನ್ನು ಓದಿದಳು. ಸರಿಯಾಗಿ ಓದಿದೆನೋ ಇಲ್ಲವೋ ಎಂದು ಅನುಮಾನ ಬಂದು, "ಇನ್ನೊಂದ್ಸಲ ಹೇಳು," ಎಂದಳು. ಹರಿಯಲೆ ಇನ್ನೊಂದು ಸಲ ಹೇಳಿದಳು. ಗಾಡಿ ಬರಿದೇ ಹೋಯಿತು.

ರಾಜ ತನ್ನ ತಪ್ಪನ್ನು ಕಡಲಕುದುರೆಯಿಂದಲೇ ತಿಳಿದು, ನಾಚಿ, ಕೆರೆಯ ದಾರಿಯ ಮುಳ್ಳು ಕಡಿಸಿದ. ಮೊಸಳೆಗೆ ಕಾಯಲು ಏನೂ ಉಳಿಯದೆ ಎರಡು ತಲೆಗಳೂ ಜಗಳವಾಡಿಕೊಂಡು ಕಾಲ ಕಳೆದವು. ಕಡಲಕುದುರೆ ಮೈ ತುಂಬಿಕೊಂಡಿತು. ಜನ ಉತ್ತು ಕೂತರು, ಉಂಡು ಕೂತರು, ಜಗಳವಾಡಿಯೂ ಕೂತರು, ಸುಖವಾಗಿದ್ದರು.

ಆದರೆ ಹೋದ ಒಂದು ವರ್ಷ ಹೋಗೇ ಹೋಯಿತು, ಮಣಿಯಾಗದ್ದನ್ನು ಕಡಲಕುದುರೆಯೂ ತಂದುಕೊಡಲಾರದು. ಮಗು ಹುಟ್ಟಿದ ದಿನ ಹರಿಯಲೆಗೆ ಎಂದೂ ನೆನಪಾಗಲಿಲ್ಲ. ಅದರ ಮೊದಲ ನಗು, ಮೊದಲು ಮಗ್ಗುಲಾದದ್ದು, ಯಾವುದೂ ಅವಳಲ್ಲಿಲ್ಲ. ಅವಳು ಅದಕ್ಕಾಗಿ ಅತ್ತಳು. ಅತ್ತು ಮುಗಿದ ಮೇಲೆ ಒಂದು ಮಧ್ಯಾಹ್ನ ಜಗಲಿಗೆ ಬಂದು, ಮುದುಕಿಯ ಎದುರು, ತುಟಿ ಕಾಣುವಷ್ಟು ಹತ್ತಿರ ಕೂತಳು.

"ಅತ್ತೆ, ಇವಳು ಹುಟ್ಟಿದ ದಿನದಿಂದ ಶುರು ಮಾಡಿ," ಎಂದಳು. "ನಾನು ಏಳೋದಿಲ್ಲ."